ಗಾಡ್ಯಾಗ ಟಿವಿ ನೋಡ್ಕೋತ ಬಂದ್ಯಾ?

(ಕೊಪ್ಪಳದಲ್ಲಿ ಬಾಡಿಗೆ ಕಾರು ಓಡಿಸುವ ಗೆಳೆಯರ ಮುಂದೆ ಆಡಿದ ಮಾತು ಇದು. ಅಲ್ಲಿ ಹೇಳಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಗಡಿಬಿಡಿಯಲ್ಲಿ ಬಿಟ್ಟುಹೋದ ಒಂದೆರಡು ವಿಷಯವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಹಿಡಿದು ಮಾತಾಡೋ ಅಭ್ಯಾಸ ನನಗಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ವೈರ್ ಹುಡುಕೋದು ನನ್ನ ಕಸುಬು. ನಿಮ್ಮಲ್ಲಿ ಅರ್ಧ ಜನರ ಮುಖಕ್ಕಿಂತ ನಿಮ್ಮ ಕಾರಿನ ಒಳಭಾಗವೇ ನನಗೆ ಚೆನ್ನಾಗಿ ಗೊತ್ತು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ನೆನಪಿದೆ ಅಲ್ವಾ? ಅಲ್ಲಿವರೆಗೆ ನಾನು ಸಂಡೂರು ಕಡೆ ಅದಿರು ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಲಾರಿಗಳು ಸಾಲುಗಟ್ಟಿ ನಿಂತವು. ನಿಂತ ಲಾರಿಗೆ ಕ್ಲೀನರ್ ಯಾಕೆ ಬೇಕು? ಊರಿಗೆ ಬಂದು ವೈರಿಂಗ್ ಕಲಿತೆ. ಆಮೇಲೆ ಕಾರಿಗೆ ಸ್ಟೀರಿಯೋ ಕೂರಿಸುವ ಅಂಗಡಿ ಹಾಕಿದೆ. ಆಗ ಜನ ಬಂದು ಸ್ಪೀಕರ್ ಕೇಳುತ್ತಿದ್ದರು, ಬೇಸ್ ಕೇಳುತ್ತಿದ್ದರು. ಈಗ ಬಂದವರು ಮೊದಲು ಕೇಳೋದು, "ಎಷ್ಟು ಇಂಚಿಂದು ಐತಿ?"

ಇವತ್ತಿನ ವಿಷಯ ಹುಟ್ಟಿದ್ದು ಚಹಾದ ಅಂಗಡಿ ಮುಂದೆ. ನಿಮ್ಮಲ್ಲೇ ಒಬ್ಬರು ಕೇಳಿದರು: "ಅಣ್ಣಾ, ಮ್ಯಾಪ್ ನೋಡಾಕ ಫೋನ್ ಚಲೋನೋ, ಕಾರಿನ ಸ್ಕ್ರೀನ್ ಚಲೋನೋ?" ನಾನು ಅಂಗಡಿಯವನು, ಸ್ಕ್ರೀನ್ ಮಾರೋನು. ನನ್ನ ಉತ್ತರ ಏನಿರುತ್ತೆ ಅಂತ ನಿಮಗೆ ಗೊತ್ತೇ ಇರುತ್ತೆ ಅಂದುಕೊಂಡಿರಬಹುದು. ಇರಲಿ, ಮೊದಲು ನನ್ನದೇ ಒಂದು ಕಥೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ನವೆಂಬರ್ ಕೊನೆ. ಷಡ್ಡಕನ ಹೊಸ ಕಾರು ತಗೊಂಡು ಕಾರಟಗಿಯಿಂದ ಗಂಗಾವತಿ ಕಡೆ ಬರುತ್ತಿದ್ದೆ. ಭತ್ತದ ಸುಗ್ಗಿ. ಆ ದಿನಗಳಲ್ಲಿ ಅರ್ಧ ರಸ್ತೆ ನಮ್ಮದು, ಅರ್ಧ ರಸ್ತೆ ಭತ್ತದ್ದು. ಒಣಹಾಕಿದ ಭತ್ತದ ಅಂಚಿಗೆ ಉದ್ದಕ್ಕೂ ಕಲ್ಲು ಸಾಲು. ಕಾರಿನೊಳಗೆ ಎಸಿ ಗಾಳಿ ಜೋರಾಗಿತ್ತು, ಸ್ವಲ್ಪ ಕಡಿಮೆ ಮಾಡೋಣ ಅಂತ ಕೈ ಚಾಚಿದೆ. ತಿರುಗಿಸೋಕೆ ಗುಂಡಿಯೇ ಇಲ್ಲ! ಎಲ್ಲಾ ಆ ಗಾಜಿನ ಒಳಗೆ. ಒಂದು ಸಲ ಮುಟ್ಟಿದೆ, ಮ್ಯಾಪ್ ಹೋಗಿ ಹಾಡು ಬಂತು. ಇನ್ನೊಂದು ಸಲ ಮುಟ್ಟಿದೆ, ಫ್ಯಾನಿನ ಚಿತ್ರ ಬಂತು. ಅದರ ಪಕ್ಕದ ಸಣ್ಣ ಗೆರೆಯ ಮೇಲೆ ಬೆರಳು ಇಡೋ ಹೊತ್ತಿಗೆ ರಸ್ತೆ ಕುಲುಕಿತು, ಬೆರಳು ಜಾರಿತು. ಮತ್ತೆ ನೋಡಿದೆ. ದಡಕ್!

ಎಡಗಡೆ ಮುಂದಿನ ಟೈರು ಎರಡು ಕಲ್ಲು ಹತ್ತಿ ಇಳಿದಿತ್ತು. ಟೈರಿನ ಪಕ್ಕೆ ಸೀಳಿತ್ತು, ರಿಮ್ ಬಾಗಿತ್ತು. ಭತ್ತದ ನಡುವೆ ಕಾಲಲ್ಲಿ ಸಾಲು ಎಳೆಯುತ್ತಾ ಒಬ್ಬ ಅಜ್ಜಿ ನಿಂತಿದ್ದಳು. ನನ್ನಿಂದ ನಾಲ್ಕು ಮಾರು ದೂರ. ನಾನು ಇಳಿದು ಬಂದೆ, ಕೈ ನಡುಗುತ್ತಿತ್ತು. ಅಜ್ಜಿ ಬೈಯಲಿಲ್ಲ. ಕಾರಿನೊಳಗೆ ಬಗ್ಗಿ ನೋಡಿದಳು.

"ಯಪ್ಪಾ, ಗಾಡ್ಯಾಗ ಟಿವಿ ನೋಡ್ಕೋತ ಬಂದ್ಯಾ?"

"ಇಲ್ಲಬೇ ಯವ್ವಾ. ಫ್ಯಾನ್ ಸಣ್ಣದು ಮಾಡಾಕ ಹೋಗಿದ್ದೆ."

"ಫ್ಯಾನ್ ಸಣ್ಣದು ಮಾಡಾಕ ಇಷ್ಟು ದೊಡ್ಡ ಟಿವಿ ಬೇಕೇನು?"

ಇಷ್ಟು ವರ್ಷ ಈ ಕಸುಬು ಮಾಡಿದ್ದೇನೆ. ಇದಕ್ಕಿಂತ ಒಳ್ಳೆ ಪ್ರಶ್ನೆ ಯಾರೂ ಕೇಳಿಲ್ಲ.

ಗಮನಿಸಿ, ಆವತ್ತು ನನ್ನ ಫೋನ್ ಜೇಬಲ್ಲಿತ್ತು. ಫೋನ್ ಕೈಯಲ್ಲಿದ್ದಿದ್ದರೆ ಊರೆಲ್ಲಾ ನನಗೆ ಉಗಿಯುತ್ತಿತ್ತು, ನಾನೂ ಉಗಿದುಕೊಳ್ಳುತ್ತಿದ್ದೆ. ಸ್ಕ್ರೀನ್ ಆಗಿದ್ದಕ್ಕೆ ಎಲ್ಲರೂ "ಪಾಪ, ಭತ್ತ ರಸ್ತೆ ಮೇಲೆ ಹಾಕಿದ್ದರಂತೆ" ಅಂದರು. ತಪ್ಪು ಭತ್ತದ ಮೇಲೆ ಹೋಯಿತು!

ಲೆಕ್ಕ ಹಾಕೋಣ. ನಾನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದೆ. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಮೂರು ಸೆಕೆಂಡ್ ಗಾಜು ನೋಡಿದೆ ಅಂತಿಟ್ಟುಕೊಳ್ಳಿ, 50 ಮೀಟರ್ ಆಯಿತು. ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂದರೆ ಸುಮಾರು ನಾಲ್ಕು ಅಂಕಣ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಿದ ಹಾಗೆ. ಇನ್ನು ಗಿಣಿಗೇರಿ ದಾಟಿ ಹೊಸಪೇಟೆ ಕಡೆ ಹೋಗುವಾಗ ನೀವ್ಯಾರೂ 60ರಲ್ಲಿ ಹೋಗಲ್ಲ. 80 ಅಂದರೆ ಸೆಕೆಂಡಿಗೆ 22 ಮೀಟರ್, ಒಂದು ಕ್ರಿಕೆಟ್ ಪಿಚ್‌ಗಿಂತ ಜಾಸ್ತಿ. ಅದೇ ರಸ್ತೆಯಲ್ಲಿ ಸಂಜೆ ಹೊತ್ತು ಹಿಂದಿನ ಲೈಟೇ ಇಲ್ಲದ ಟ್ರಾಲಿ ಹೋಗುತ್ತಿರುತ್ತೆ, ಕುರಿ ಹಿಂಡು ದಾಟುತ್ತಿರುತ್ತೆ. ಕುರಿಗೆ ಇಂಡಿಕೇಟರ್ ಇಲ್ಲ.

ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ಕಂಪನಿಗಳಿಗೆ ಒಂದು ಅಳತೆ ಹೇಳಿತು. ಒಂದು ಸಲ ಕಣ್ಣು ರಸ್ತೆಯಿಂದ ತೆಗೆದರೆ ಎರಡು ಸೆಕೆಂಡ್ ದಾಟಬಾರದು, ಒಂದು ಕೆಲಸ ಮುಗಿಸೋಕೆ ಎಲ್ಲಾ ಸೇರಿ 12 ಸೆಕೆಂಡ್ ದಾಟಬಾರದು. ಕಡ್ಡಾಯ ಅಲ್ಲ, ಸುಮ್ನೆ ಸಲಹೆ. ಸಲಹೆ ಅಂದಮೇಲೆ ಗೊತ್ತಲ್ಲ, ಕೇಳಿದವರು ಕೇಳಿದರು, ಬಿಟ್ಟವರು ಬಿಟ್ಟರು.

ಈಗ ನನ್ನ ಗುರುವಿನ ವಿಷಯಕ್ಕೆ ಬರುತ್ತೇನೆ. ನಾನು ಕ್ಲೀನರ್ ಆಗಿದ್ದ ಲಾರಿಯ ಡ್ರೈವರನ್ನು "ಮಾವ" ಅಂತ ಕರೆಯುತ್ತಿದ್ದೆ. ಆ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಒಂದೇ ಥರದ ಎರಡು ಗುಂಡಿ ಅಕ್ಕಪಕ್ಕ ಇದ್ದವು. ಒಂದು ವೈಪರ್, ಇನ್ನೊಂದು ಒಳಗಿನ ಲೈಟು. ಘಾಟ್ ಇಳಿಯುವಾಗ ಮಳೆ ಬಂದು, ವೈಪರ್ ಬದಲು ಒಳಗಿನ ಲೈಟು ಹತ್ತಿದರೆ ಮುಂದೇನೂ ಕಾಣಲ್ಲ. ಮಾವ ಒಂದು ದಿನ ಹಳೇ ಸೈಕಲ್ ಟ್ಯೂಬ್ ಬೆರಳಗಲ ಕತ್ತರಿಸಿ, ವೈಪರ್ ಗುಂಡಿಗೆ ಉಂಗುರದ ಹಾಗೆ ತೊಡಿಸಿದ. "ಇನ್ನ ಕೈಗ ಕಣ್ಣು ಬಂತು ನೋಡಲೇ" ಅಂದ. ಅಷ್ಟೇ. ಒರಟಾಗಿದ್ದರೆ ವೈಪರ್, ನುಣ್ಣಗಿದ್ದರೆ ಲೈಟು.

ಇದೇ ಕೆಲಸ ಎರಡನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನದಲ್ಲಿ ನಡೆದಿತ್ತು ಅಂತ ನಾನು ಓದಿದ್ದು ಆಮೇಲೆ. ಪೈಲಟ್‌ಗಳು ನೆಲಕ್ಕೆ ಇಳಿದ ಮೇಲೆ ರೆಕ್ಕೆಯ ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂದೆ ಕೆಳಗೆ ಬಾಗುವ ಹಲಗೆ, ಮಡಚೋಕೆ ಹೋಗಿ ಚಕ್ರವನ್ನೇ ಒಳಗೆ ಎಳೆದುಕೊಳ್ಳುತ್ತಿದ್ದರು. ವಿಮಾನ ಹೊಟ್ಟೆ ಮೇಲೆ ಬೀಳುತ್ತಿತ್ತು. ಪೈಲಟ್ ಸುಸ್ತಾಗಿದ್ದ, ಅಜಾಗರೂಕ ಅಂತ ಬೈದಿದ್ದೇ ಬೈದಿದ್ದು. ಆಲ್ಫಾನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ, ಎರಡೂ ಸ್ವಿಚ್ ಅಕ್ಕಪಕ್ಕ, ಎರಡೂ ಒಂದೇ ಥರ. ಆತ ಚಕ್ರದ ಹಿಡಿಕೆಗೆ ಚಕ್ರದ ಆಕಾರದ ರಬ್ಬರ್ ಗುಂಡಿ, ಫ್ಲ್ಯಾಪಿನ ಹಿಡಿಕೆಗೆ ರೆಕ್ಕೆಯಂಥ ಚಪ್ಪಟೆ ತುಂಡು ಹಾಕಿಸಿದ. ಆ ತಪ್ಪು ನಿಂತುಹೋಯಿತು. ನಮ್ಮ ಮಾವನಿಗೆ ಚಪಾನಿಸ್ ಗೊತ್ತಿರಲಿಲ್ಲ, ಚಪಾನಿಸ್‌ಗೆ ಮಾವ ಗೊತ್ತಿರಲಿಲ್ಲ. ಆದರೆ ಇಬ್ಬರೂ ಕೈಯನ್ನು ನಂಬಿದವರು.

ಗಾಜಿಗೆ ಸೈಕಲ್ ಟ್ಯೂಬ್ ಹೆಂಗೆ ತೊಡಿಸ್ತೀರಿ? ತೊಂದರೆ ಇರೋದೇ ಅಲ್ಲಿ. ಗಾಜೆಲ್ಲಾ ನುಣ್ಣಗೆ, ಕೈಗೆ ಏನೂ ಸಿಗಲ್ಲ. ನೋಡಿಯೇ ಮುಟ್ಟಬೇಕು, ಮುಟ್ಟಿದ ಮೇಲೆ ಕೆಲಸ ಆಯಿತೋ ಇಲ್ಲವೋ ಅಂತ ಮತ್ತೆ ನೋಡಬೇಕು. ಇವತ್ತು ಇಲ್ಲಿದ್ದ ಚಿತ್ರ, ನಾಳೆ ಅಪ್‌ಡೇಟ್ ಆದ ಮೇಲೆ ಇನ್ನೆಲ್ಲೋ ಇರುತ್ತೆ.

ಕಾರಿಗೆ ಟಚ್‌ಸ್ಕ್ರೀನ್ ಹಾಕೋದು ಹೊಸದೇನಲ್ಲ. 1986ರಲ್ಲೇ ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿನಲ್ಲಿತ್ತು, ಹಳೇ ಟಿವಿಯ ಥರದ ಗಾಜಿನ ಪಿಕ್ಚರ್ ಟ್ಯೂಬ್ ಇಟ್ಟು ಮಾಡಿದ್ದು. ಜನಕ್ಕೆ ಹಿಡಿಸಲಿಲ್ಲ, ಕೆಲವೇ ವರ್ಷದಲ್ಲಿ ತೆಗೆದುಬಿಟ್ಟರು. 2012ರಲ್ಲಿ ಟೆಸ್ಲಾ ಮಾಡೆಲ್ ಎಸ್ 17 ಇಂಚಿನ ಸ್ಕ್ರೀನ್ ಹಾಕಿಕೊಂಡು ಬಂತು, ಆಮೇಲೆ ಎಲ್ಲರೂ ಅದರ ಹಿಂದೆ ಓಡಿದರು. ಕಂಪನಿಗೆ ಲಾಭ ಇದೆ. ಪ್ರತಿ ಗುಂಡಿಗೂ ಒಂದು ಅಚ್ಚು, ಒಂದು ವೈರು, ಜೋಡಿಸೋಕೆ ಒಬ್ಬ ಕೆಲಸಗಾರ ಬೇಕು. ಸ್ಕ್ರೀನ್ ಒಂದಿದ್ದರೆ ಮುಗೀತು. ಶೋರೂಮಿನಲ್ಲಿ ನಿಂತ ಕಾರಿನಲ್ಲಿ ನೋಡೋಕೂ ಚೆಂದ. ನಿಂತ ಕಾರಿನಲ್ಲಿ, ನೆನಪಿಡಿ.

ಸ್ವೀಡನ್ನಿನ ವಿ ಬಿಲಾಗಾರೆ ಅನ್ನೋ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತು. ನನಗೆ ಬಹಳ ಹಿಡಿಸಿದ ಪರೀಕ್ಷೆ. 11 ಹೊಸ ಕಾರು, ಜೊತೆಗೆ 2005ರ ಒಂದು ಹಳೇ ವೋಲ್ವೋ. ಹಳೇದರಲ್ಲಿ ಬರೀ ಗುಂಡಿ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸಣ್ಣ ಕೆಲಸ ಮಾಡಬೇಕು. ಸೀಟು ಬಿಸಿ ಮಾಡೋದು, ರೇಡಿಯೋದಲ್ಲಿ ಇಂಥದ್ದೇ ಸ್ಟೇಷನ್ ಹಾಕೋದು, ಇಂಥವು. ಡ್ರೈವರ್‌ಗಳಿಗೆ ಮೊದಲೇ ಕಾರು ಅಭ್ಯಾಸ ಮಾಡೋಕೆ ಸಮಯವನ್ನೂ ಕೊಟ್ಟಿದ್ದರು. ಹಳೇ ವೋಲ್ವೋದಲ್ಲಿ ನಾಲ್ಕೂ ಕೆಲಸ 10 ಸೆಕೆಂಡಿನಲ್ಲಿ ಮುಗಿದವು. ಅಷ್ಟರಲ್ಲಿ ಕಾರು 306 ಮೀಟರ್ ಓಡಿತ್ತು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿಗೆ ಸುಮಾರು 45 ಸೆಕೆಂಡ್ ಬೇಕಾಯಿತು, 1,372 ಮೀಟರ್. ಊರಿನ ಈ ತುದಿಯಿಂದ ಆ ತುದಿಗೆ ಹೋಗಿಬಿಡಬಹುದು, ಸೀಟು ಬಿಸಿ ಆಗೋ ಹೊತ್ತಿಗೆ! ನಮ್ಮಲ್ಲಿ ಸೀಟು ಬಿಸಿ ಮಾಡೋಕೆ ಮಷೀನ್ ಬೇಡ, ಏಪ್ರಿಲ್‌ನಲ್ಲಿ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದರೆ ಸಾಕು. ಆದರೆ ಮಾತು ಅರ್ಥ ಆಯಿತಲ್ಲ.

"ಹಂಗಾದ್ರ ಫೋನೇ ಚಲೋ ಬಿಡು" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ತಡೀರಿ, ಅಲ್ಲಿಗೇ ಬರುತ್ತಿದ್ದೇನೆ.

ಫೋನಿನ ಮೊದಲ ಶತ್ರು ನಮ್ಮ ಬಿಸಿಲು. ಐಫೋನ್ ಮಾಡುವ ಕಂಪನಿಯೇ ಹೇಳುತ್ತೆ, ಫೋನ್ ಬಳಸೋಕೆ ಸುತ್ತಲಿನ ತಾಪ 35 ಡಿಗ್ರಿ ಒಳಗಿರಬೇಕು ಅಂತ. ರಾಯಚೂರಲ್ಲಿ, ಬಳ್ಳಾರಿಯಲ್ಲಿ ಬೇಸಿಗೆ 40 ದಾಟುತ್ತೆ. ಅದು ಹೊರಗೆ, ನೆರಳಲ್ಲಿ. ಮುಂದಿನ ಗಾಜಿನ ಕೆಳಗೆ ಡ್ಯಾಶ್‌ಬೋರ್ಡ್ ಮೇಲೆ ಎಷ್ಟಿರುತ್ತೆ, ಕೈ ಇಟ್ಟು ನೋಡಿ. ಚಾರ್ಜರ್ ಹಾಕಿ, ಮ್ಯಾಪ್ ಹಾಕಿ, ಅಲ್ಲಿ ಫೋನ್ ನಿಲ್ಲಿಸಿದರೆ ಸಿಂಧನೂರು ತಲುಪೋದ್ರೊಳಗೆ ಸ್ಕ್ರೀನ್ ಮಂಕಾಗುತ್ತೆ, ಚಾರ್ಜ್ ನಿಲ್ಲುತ್ತೆ, ಕೊನೆಗೆ ಫೋನೇ ಆಫ್ ಆಗಬಹುದು. ಸರಿಯಾಗಿ ತಿರುವು ಬಂದಾಗಲೇ ಮ್ಯಾಪ್ ಹೋಗುತ್ತೆ. ಆಗ ನೀವೇನು ಮಾಡ್ತೀರಿ? ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಎಸಿ ಗಾಳಿಗೆ ಒಡ್ಡುತ್ತೀರಿ, ಹಸುಗೂಸಿಗೆ ಜ್ವರ ಬಂದ ಹಾಗೆ. ನಾನು ನೋಡಿದ್ದೇನೆ. ನಾನೂ ಮಾಡಿದ್ದೇನೆ. ಇದಕ್ಕೊಂದು ಸಣ್ಣ ಉಪಾಯ ಹೇಳುತ್ತೇನೆ. ಎಸಿ ಕಿಂಡಿಗೇ ಸಿಕ್ಕಿಸುವ ಸ್ಟ್ಯಾಂಡ್ ಸಿಗುತ್ತೆ. ಫೋನಿನ ಬೆನ್ನಿಗೆ ತಂಪು ಗಾಳಿ ಬೀಳುತ್ತಿರುತ್ತೆ, ಬಿಸಿಲೂ ಕಡಿಮೆ ತಾಗುತ್ತೆ.

ಸ್ಟ್ಯಾಂಡ್ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಡ್ಯಾಶ್‌ಬೋರ್ಡಿನ ಎಡಗಡೆ ಏರ್‌ಬ್ಯಾಗ್ ಇದೆ ಅಂತ ಬರೆದಿರುತ್ತಲ್ಲ, ಅದರ ಮೇಲೆ ಏನೂ ಅಂಟಿಸಬೇಡಿ. ಫೋನ್ ಸ್ಟ್ಯಾಂಡೂ ಬೇಡ, ಹುಲಿಗೆಮ್ಮನ ಮೂರ್ತಿಯೂ ಬೇಡ. ಏರ್‌ಬ್ಯಾಗ್ ಬಿಚ್ಚಿಕೊಳ್ಳೋದು ಕಣ್ಣು ರೆಪ್ಪೆ ಹೊಡೆಯೋದ್ರೊಳಗೆ. ಆಗ ಅದರ ಮೇಲಿದ್ದ ವಸ್ತು ಕವಣೆ ಕಲ್ಲಿನ ಹಾಗೆ ಬರುತ್ತೆ. ಅಮ್ಮನವರನ್ನ ನಡುವೆ ಕೂರಿಸಿ, ಬೇಜಾರಾಗಲ್ಲ.

ಕಾನೂನು ಬಗ್ಗೆ ಬಹಳ ಜನ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಂಗೆ 2019ರಲ್ಲಿ ತಿದ್ದುಪಡಿ ಆಯಿತು. ಕೈಯಲ್ಲಿ ಹಿಡಿಯುವ ಫೋನ್ ಬಳಸಿ ಗಾಡಿ ಓಡಿಸೋದು ಅಪಾಯಕಾರಿ ಚಾಲನೆ ಅಂತ ಅದರಲ್ಲಿ ಸೇರಿತು. ಮೊದಲ ಸಲಕ್ಕೆ ಕಾಯ್ದೆಯಲ್ಲಿರುವ ದಂಡ 1,000ದಿಂದ 5,000 ರೂಪಾಯಿ, ಜೈಲೂ ಇದೆ. 2020ರ ಅಕ್ಟೋಬರ್ 1ರಿಂದ ನಿಯಮದಲ್ಲಿ ಒಂದು ಸಡಿಲಿಕೆ ಬಂತು: ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು, ಅದೂ ಓಡಿಸುವವನ ಗಮನ ಕೆಡದ ಹಾಗೆ. ಹಾಡು ಬದಲಿಸೋದು, ಸ್ಟೇಟಸ್ ನೋಡೋದು ಅದರಲ್ಲಿ ಬರಲ್ಲ.

ಆದರೆ ಕಾಯ್ದೆ ಹೆಸರು ಹಿಡಿದು ಹೇಳೋದು ಕೈಯಲ್ಲಿ ಹಿಡಿಯುವುದರ ಬಗ್ಗೆ. ಕಾರಿಗೇ ಅಂಟಿಕೊಂಡ ಗಾಜಿನ ಬಗ್ಗೆ ಹಾಗೆ ಹೆಸರು ಹಿಡಿದು ಹೇಳಿಲ್ಲ. ಹಾಗಾಗಿ ನಮಗೆಲ್ಲಾ ಒಂದು ಧೈರ್ಯ, "ಕಂಪನಿಯವರೇ ಕೊಟ್ಟಿದ್ದಾರಲ್ಲ." ಜರ್ಮನಿಯಲ್ಲಿ ಈ ಧೈರ್ಯ ನಡೆಯಲಿಲ್ಲ. ಜೋರು ಮಳೆಯಲ್ಲಿ ಒಬ್ಬ ತನ್ನ ಟೆಸ್ಲಾದ ಸ್ಕ್ರೀನಿನಲ್ಲಿ ವೈಪರ್ ವೇಗ ಬದಲಿಸೋಕೆ ಹೋಗಿ ರಸ್ತೆ ಬಿಟ್ಟು ಇಳಿದ. 2020ರಲ್ಲಿ ಕಾರ್ಲ್ಸ್‌ರೂಹೆ ನ್ಯಾಯಾಲಯ, ಫೋನಿಗಿರುವ ನಿಯಮವೇ ಈ ಸ್ಕ್ರೀನಿಗೂ ಅಂತ ಹೇಳಿತು. 200 ಯೂರೋ ದಂಡ, ಒಂದು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ. ವೈಪರ್ ಹಾಕಿದ್ದಕ್ಕೆ! ಅವನ ಗಾಡಿಗೆ ನಮ್ಮ ಮಾವ ಇರಲಿಲ್ಲ ನೋಡಿ.

ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯವರು 2026ರಿಂದ ಪಟ್ಟು ಹಿಡಿದಿದ್ದಾರೆ. ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ, ಈ ಐದಕ್ಕೆ ಮುಟ್ಟಿದರೆ ಕೈಗೆ ಸಿಗುವ ಗುಂಡಿ ಇರಬೇಕು. ಇಲ್ಲದಿದ್ದರೆ ಪೂರ್ತಿ ಸ್ಟಾರ್ ಸಿಗೋದು ಕಷ್ಟ. ಅಜ್ಜಿ ಕೇಳಿದ ಪ್ರಶ್ನೆ ಅಲ್ಲಿವರೆಗೂ ಹೋಗಿದೆ ಅಂದುಕೊಳ್ಳೋಣ.

ಸರಿ, ಫೋನೋ ಸ್ಕ್ರೀನೋ? ನನ್ನ ಉತ್ತರ: ತಲೆ ಫೋನಿನದ್ದಿರಲಿ, ಮುಖ ಕಾರಿನದ್ದಿರಲಿ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಅಂತೀವಲ್ಲ, ಅದು. ಫೋನಿನ ಮ್ಯಾಪು, ಹಾಡು, ಕರೆ ಎಲ್ಲಾ ಕಾರಿನ ಸ್ಕ್ರೀನಿನ ಮೇಲೆ ಬರುತ್ತೆ. ಕಾರಿನ ಸ್ವಂತ ಮ್ಯಾಪು ಹಳಸುತ್ತೆ, ಹೊಸ ಬೈಪಾಸ್ ಅದಕ್ಕೆ ಗೊತ್ತಿರಲ್ಲ. ಫೋನಿನ ಮ್ಯಾಪ್ ತಾಜಾ ಇರುತ್ತೆ, ಕನ್ನಡದಲ್ಲಿ ದಾರಿ ಹೇಳುತ್ತೆ, ನಿಮ್ಮ ನಂಬರುಗಳೆಲ್ಲ ಅದರಲ್ಲೇ ಇವೆ. ಕಾರಿನ ಸ್ಕ್ರೀನ್ ದೊಡ್ಡದು, ಅಲುಗಾಡಲ್ಲ, ಬಿಸಿಲು ತಾಳಿಕೊಳ್ಳೋ ಹಾಗೆ ಮಾಡಿರುತ್ತಾರೆ. ಫೋನ್ ಕೆಳಗೆ ನೆರಳಲ್ಲಿ ಮಲಗಿರಲಿ. ಅಮೆರಿಕದ ಎಎಎ ಅನ್ನೋ ವಾಹನ ಸವಾರರ ಸಂಘ 2018ರಲ್ಲಿ ಅಳೆದು ನೋಡಿದಾಗ, ಕಾರಿನ ಸ್ವಂತ ವ್ಯವಸ್ಥೆಗಿಂತ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇಗಳಲ್ಲಿ ಯಾರಿಗಾದರೂ ಫೋನ್ ಹಚ್ಚೋಕೆ ಸುಮಾರು 5 ಸೆಕೆಂಡ್, ಮ್ಯಾಪ್ ಹಾಕೋಕೆ ಸುಮಾರು 15 ಸೆಕೆಂಡ್ ಕಡಿಮೆ ಹಿಡಿಯಿತು.

ಇಲ್ಲಿಗೆ ನಿಲ್ಲಿಸಿದರೆ ನನ್ನ ವ್ಯಾಪಾರಕ್ಕೆ ಒಳ್ಳೇದು. ಆದರೆ ಇನ್ನೊಂದು ಪರೀಕ್ಷೆ ಇದೆ, ಅದನ್ನ ಮುಚ್ಚಿಡೋಕೆ ಆಗಲ್ಲ. ಬ್ರಿಟನ್ನಿನ ಟಿಆರ್‌ಎಲ್ ಪ್ರಯೋಗಾಲಯ 2020ರಲ್ಲಿ, ಓಡಿಸುವಾಗ ಇವನ್ನೇ ಮುಟ್ಟಿದರೆ ಏನಾಗುತ್ತೆ ಅಂತ ನೋಡಿತು. ಕಾರ್‌ಪ್ಲೇ ಬೆರಳಲ್ಲಿ ಮುಟ್ಟಿ ಬಳಸಿದಾಗ ಪ್ರತಿಕ್ರಿಯೆ 57 ಶೇಕಡಾ ತಡ, ಆಂಡ್ರಾಯ್ಡ್ ಆಟೋದಲ್ಲಿ 53. ಅದೇ ಸಂಸ್ಥೆಯ ಹಿಂದಿನ ಪರೀಕ್ಷೆಗಳಲ್ಲಿ, ಫೋನ್ ಕೈಯಲ್ಲಿ ಹಿಡಿದು ಮಾತಾಡಿದಾಗ 46, ಅಲ್ಲಿನ ಕಾನೂನು ಒಪ್ಪುವ ಮಿತಿಯಷ್ಟು ಕುಡಿದಾಗ 12. ಕುಡಿದವನಿಗಿಂತ ಕಾರ್‌ಪ್ಲೇ ಒತ್ತುವವನು ನಿಧಾನ! ಹಾಗಂತ ನಾಳೆ ಯಾರೂ ಬಾರ್‌ಗೆ ಹೋಗಿ ನನ್ನ ಹೆಸರು ಹೇಳಬೇಡಿ.

ಎರಡೂ ಪರೀಕ್ಷೆ ಸೇರಿಸಿ ನೋಡಿದರೆ ನನಗೆ ಕಂಡಿದ್ದು ಇಷ್ಟೇ. ಕಣ್ಣಿಗೆ ಗಾಜು ಕಾರಿಂದೋ ಫೋನಿಂದೋ ಗೊತ್ತಾಗಲ್ಲ. ನೋಡೋಕೆ ಆ ಗಾಜು ಇರಲಿ, ಮುಟ್ಟೋಕೆ ಬೇಡ. ಮುಟ್ಟೋದೆಲ್ಲ ಚಾವಿ ತಿರುಗಿಸುವ ಮೊದಲು. ಕುಷ್ಟಗಿಗೆ ಹೋಗೋದಾದರೆ ಮನೆ ಮುಂದೆಯೇ ಕುಷ್ಟಗಿ ಅಂತ ಹಾಕಿ. ಗಿರಾಕಿ ನಡುವೆ "ಮೊದ್ಲು ಯಲಬುರ್ಗಾಕ ಹೋಗೂಣು" ಅಂದರೆ, ಗಾಡಿ ಪಕ್ಕಕ್ಕೆ ಹಾಕಿ, ಹಾಕಿದ ಮೇಲೆ ಬೆರಳು ಆಡಿಸಿ. ಆ ಒಂದು ನಿಮಿಷಕ್ಕೆ ಯಾವ ಗಿರಾಕಿಯೂ ಬಾಡಿಗೆ ಕಡಿಮೆ ಮಾಡಲ್ಲ.

ಮಾತಲ್ಲೇ ಹೇಳಿ ಮಾಡಿಸಬಹುದಲ್ಲ ಅಂತೀರಿ. ಬೆರಳಿಗಿಂತ ಮಾತು ವಾಸಿ, ಒಪ್ಪುತ್ತೇನೆ. ಆದರೆ ಅದಕ್ಕೆ ನಮ್ಮ ಮಾತು ತಿಳೀಬೇಕಲ್ಲ! ನನ್ನ ಗೆಳೆಯನೊಬ್ಬ "ಮಾವಗ ಫೋನ್ ಹಚ್ಚು" ಅಂದ. ಅದು ಯಾವುದೋ ಹಾಡು ಹಚ್ಚಿತು. ಇವನು ಜೋರಾಗಿ ಹೇಳಿದ, ಅದು ಇನ್ನೊಂದು ಹಾಡು ಹಚ್ಚಿತು. ಮುನಿರಾಬಾದ್ ದಾಟೋವರೆಗೆ ಇಬ್ಬರಿಗೂ ಜಗಳ. ಕೈ ಸ್ಟೀರಿಂಗ್ ಮೇಲಿತ್ತು, ಕಣ್ಣು ರಸ್ತೆ ಮೇಲಿತ್ತು, ತಲೆ ಮಾತ್ರ ಮಾವನ ಮನೆಯಲ್ಲಿತ್ತು.

ಇನ್ನೊಂದು ವಿಷಯ, ಇದು ನನ್ನ ತಪ್ಪೊಪ್ಪಿಗೆ. ಹೊರಗಿನಿಂದ ತಂದು ಹಾಕಿಸುವ ಆಂಡ್ರಾಯ್ಡ್ ಸ್ಟೀರಿಯೋಗಳ ಹಿಂದೆ ಒಂದು ತೆಳು ವೈರ್ ಇರುತ್ತೆ. ಬ್ರೇಕ್ ಅಂತ ಚೀಟಿ ಅಂಟಿಸಿರುತ್ತಾರೆ. ಅದನ್ನ ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಜೋಡಿಸಬೇಕು. ಆಗ ಹ್ಯಾಂಡ್‌ಬ್ರೇಕ್ ಎಳೆದು ನಿಂತಾಗ ಮಾತ್ರ ವಿಡಿಯೋ ಬರುತ್ತೆ, ಗಾಡಿ ಓಡುವಾಗ ಬರಲ್ಲ. ಸ್ಟೀರಿಯೋ ಮಾಡಿದವರು ಅಷ್ಟು ಬುದ್ಧಿ ಇಟ್ಟೇ ಮಾಡಿರುತ್ತಾರೆ. ಗಿರಾಕಿ ಬಂದು, "ಓಡೂ ಮುಂದನೂ ವಿಡಿಯೋ ಬರಬೇಕ್ರಿ" ಅಂತಾರೆ. ಆ ವೈರನ್ನ ಸುಮ್ನೆ ಗಾಡಿಯ ಕಬ್ಬಿಣಕ್ಕೆ ಮುಟ್ಟಿಸಿ ಅರ್ಥ್ ಕೊಟ್ಟುಬಿಟ್ಟರೆ ಸ್ಟೀರಿಯೋಗೆ ಹ್ಯಾಂಡ್‌ಬ್ರೇಕ್ ಯಾವಾಗಲೂ ಎಳೆದೇ ಇದೆ ಅಂತ ಅನಿಸುತ್ತೆ. 80ರಲ್ಲಿ ಹೋಗುವಾಗಲೂ ಸಿನಿಮಾ ಬರುತ್ತೆ. ಎರಡು ನಿಮಿಷದ ಕೆಲಸ. ಎಷ್ಟೋ ಗಾಡಿಗೆ ನಾನೇ ಮಾಡಿಕೊಟ್ಟಿದ್ದೇನೆ, 200 ರೂಪಾಯಿ ಜಾಸ್ತಿ ತಗೊಂಡು. ಕಲ್ಲು ಹತ್ತಿದ ಆ ದಿನದಿಂದ ಬಿಟ್ಟಿದ್ದೇನೆ. ಹಿಂದಿನ ಸೀಟಿನವರಿಗೆ ಬೇಕಾದರೆ ಹಿಂದೆ ಸ್ಕ್ರೀನ್ ಹಾಕಿಕೊಡುತ್ತೇನೆ, ಮುಂದಿನದು ಮಾತ್ರ ಇಲ್ಲ. ಇದರಿಂದ ಒಂದಿಷ್ಟು ಗಿರಾಕಿ ಬೇರೆ ಅಂಗಡಿಗೆ ಹೋದರು. ಹೋಗಲಿ.

ಮಾತು ಮುಗಿಸಿ ಕೂತೆ. ಒಬ್ಬರು, "ಹಂಗಾದ್ರ ಸ್ಕ್ರೀನ್ ಕಿತ್ತು ಒಗೀಬೇಕೇನ್ರಿ?" ಅಂತ ಕೇಳಿದರು. ಬೇಡ ಅಂದೆ. ರಿವರ್ಸ್ ಕ್ಯಾಮರಾಕ್ಕೆ ಅದು ಬೇಕು, ಹಿಂದೆ ಆಡುವ ಮಗು ಅದರಲ್ಲಿ ಕಾಣುತ್ತೆ. ಹೊಸ ಕಾರು ತಗೊಳ್ಳುವಾಗ ಮಾತ್ರ ಶೋರೂಮಿನಲ್ಲೇ ಕಣ್ಣು ಮುಚ್ಚಿ ಕೂತು, ಎಸಿ ಗಾಳಿ ಕಡಿಮೆ ಮಾಡಿ ನೋಡಿ, ವಾಲ್ಯೂಮ್ ಇಳಿಸಿ ನೋಡಿ. ಕೈಗೆ ಸಿಗಲಿಲ್ಲ ಅಂದರೆ ಇನ್ನೊಂದು ಮಾಡೆಲ್ ತೋರಿಸಿ ಅನ್ನಿ.

ಎಲ್ಲರೂ ಮಿರ್ಚಿ, ಮಂಡಕ್ಕಿ ಕಡೆ ಹೊರಟಾಗ ಯಲಬುರ್ಗಾ ಕಡೆಯ ಒಬ್ಬ ತಮ್ಮ ಹತ್ತಿರ ಬಂದ. ನಗುತ್ತಿದ್ದ. "ಅಣ್ಣಾ, ನನ್ನ ಗಾಡಿಗೆ ನೀವ ಹಾಕಿಕೊಟ್ಟಿದ್ದು. ಆ ವೈರ್ ಅರ್ಥ್ ಮಾಡಿದ್ದೂ ನೀವ."

ಹೊರಗೆ ಬೇವಿನ ಮರದ ಕೆಳಗೆ ಗಾಡಿ ನಿಂತಿತ್ತು. ಸ್ಕ್ರೂಡ್ರೈವರ್ ಸದಾ ನನ್ನ ಜೇಬಲ್ಲಿರುತ್ತೆ. ಫ್ರೇಮ್ ಬಿಚ್ಚಿ, ಸ್ಟೀರಿಯೋ ಮುಂದಕ್ಕೆ ಎಳೆದು, ಟೇಪ್ ಬಿಡಿಸಿ, ಆ ವೈರ್ ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಜೋಡಿಸಿದೆ. ಹ್ಯಾಂಡ್‌ಬ್ರೇಕ್ ಇಳಿಸಿದ, ವಿಡಿಯೋ ನಿಂತಿತು. ಎಳೆದ, ಬಂತು. ಮತ್ತೆ ಇಳಿಸಿದ, ಮತ್ತೆ ನಿಂತಿತು.

"ಹಂಗಾದ್ರ ಅಣ್ಣಾ, ಆವಾಗ ತಗೊಂಡಿದ್ದ 200 ರೂಪಾಯಿ?"

ಕೊಟ್ಟೆ. ಅದರಲ್ಲೇ ಇಬ್ಬರಿಗೂ ಮಿರ್ಚಿ ತಂದ.